ಅಂಚೆ ಕಚೇರಿಯಲ್ಲಿ ಎರಡು ರಾತ್ರಿ

"ನಾನು ಟಪಾಲು ವಿಂಗಡಿಸುತ್ತಿದ್ದ ಜಾಗದಲ್ಲಿ ಮಲಗುವುದಕ್ಕೆ ನಿನ್ನ ತಮ್ಮ ಅಷ್ಟು ದುಡ್ಡು ಕೊಡುತ್ತಾನಾ ಅಮ್ಮಾ?"

ಪಕ್ಕದ ಮನೆಯ ಅಂಕಲ್ ಹೋದ ವಾರ ಲಿಫ್ಟಿನ ಬಳಿ ಕೇಳಿದ ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಮದುವೆಯ ವಾರ್ಷಿಕೋತ್ಸವಕ್ಕೆ ಸಿಂಗಪುರಕ್ಕೆ ಬರಲಿರುವ ತಮ್ಮ ಮೈಸೂರಿನಿಂದ ಫೋನ್ ಮಾಡಿದ್ದ. "ಎರಡು ರಾತ್ರಿಯಾದರೂ ಹಳೆಯ ಕಾಲದ ದೊಡ್ಡ ಹೋಟೆಲಿನಲ್ಲಿ ಇರಬೇಕು ಅಕ್ಕಾ, ರಾಫಲ್ಸ್ ಒಳ್ಳೆಯದೋ, ಫುಲ್ಲರ್ಟನ್ ಒಳ್ಳೆಯದೋ ಹೇಳು" ಎಂದು ಅವನ ಒತ್ತಾಯ. ನನ್ನ ಏರುದನಿಯ ಉತ್ತರ ಅಂಕಲ್ ಕಿವಿಗೂ ಬಿದ್ದಿತ್ತು. ತಂಜಾವೂರು ಕಡೆಯಿಂದ ಬಂದ ಮನೆತನದವರು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಫುಲ್ಲರ್ಟನ್ ಕಟ್ಟಡದಲ್ಲಿ ಜನರಲ್ ಪೋಸ್ಟ್ ಆಫೀಸ್ ಇದ್ದಾಗ ಅಲ್ಲಿ ನೌಕರಿ ಮಾಡಿದವರು ಎಂಬುದು ನನಗೆ ಅಂದೇ ಗೊತ್ತಾಯಿತು.

ಎರಡೂ ಹೋಟೆಲುಗಳನ್ನು ಊರಿನಿಂದ ಬಂದ ನೆಂಟರಿಗೆ ತೋರಿಸುತ್ತಲೇ ಇರುತ್ತೇನೆ. ರಾಫಲ್ಸ್‌ನ ಬಿಳುಪು ಎಂಥವರನ್ನೂ ಒಂದು ಗಳಿಗೆ ನಿಲ್ಲಿಸಿಬಿಡುತ್ತದೆ. ಅರ್ಮೇನಿಯಾ ಮೂಲದ ಸಾರ್ಕೀಸ್ ಸಹೋದರರು 1887ರಲ್ಲಿ ಕಡಲ ದಂಡೆಯ ಬಂಗಲೆಯೊಂದರಲ್ಲಿ ಹತ್ತು ಕೋಣೆಗಳೊಂದಿಗೆ ಶುರುಮಾಡಿದ ಹೋಟೆಲ್ ಅದು. ನಮ್ಮ ಬೆಂಗಳೂರಿನ ವೆಸ್ಟ್ ಎಂಡ್ ಕೂಡ ಅದೇ ವರ್ಷ, ಹತ್ತೇ ಕೋಣೆಗಳಿಂದ ಆರಂಭವಾದದ್ದು ಎಂದು ಹೇಳಿದರೆ ನೆಂಟರ ಮುಖ ಅರಳುತ್ತದೆ. ಈಗಿನ ಮುಖ್ಯ ಕಟ್ಟಡ 1899ರದು. ಎತ್ತರದ ಮಾಳಿಗೆ, ಉದ್ದನೆಯ ಜಗಲಿ, ಬಾಗಿಲಲ್ಲಿ ಪೇಟ ಸುತ್ತಿದ ಸಿಖ್ ದ್ವಾರಪಾಲಕ. ಮುಂದಿನ ರಸ್ತೆಗೆ ಬೀಚ್ ರೋಡ್ ಎಂದೇ ಹೆಸರು. ಕಡಲನ್ನು ಮಣ್ಣು ತುಂಬಿ ತುಂಬಿ ದೂರ ತಳ್ಳಿಯಾಗಿದೆ. ಒಳಗಿನ ಲಾಂಗ್ ಬಾರ್‌ನಲ್ಲಿ ಕಡಲೆಕಾಯಿ ಸಿಪ್ಪೆಯನ್ನು ನೆಲಕ್ಕೇ ಎಸೆಯಬಹುದು. ರಸ್ತೆಗೆ ಕಸ ಹಾಕಿದರೆ ದಂಡ ತೆರಬೇಕಾದ ಊರಿನಲ್ಲಿ ಇದೊಂದು ಸಲಿಗೆ! ಸಿಂಗಪುರ್ ಸ್ಲಿಂಗ್ ಎಂಬ ಜಗತ್ಪ್ರಸಿದ್ಧ ಪಾನೀಯವನ್ನು ಸುಮಾರು 1915ರ ಹೊತ್ತಿಗೆ ಬೆರೆಸಿ ಕೊಟ್ಟ ಙಿಯಾಮ್ ತೊಂಗ್ ಬೂನ್, ಚೀನಾದ ಹೈನಾನ್ ದ್ವೀಪದಿಂದ ದುಡಿಯಲು ಬಂದವನು. ಆ ಹೋಟೆಲಿನ ಹೆಸರನ್ನು ಲೋಕಕ್ಕೆಲ್ಲ ಹರಡಿದ್ದರಲ್ಲಿ ಒಬ್ಬ ವಲಸಿಗ ನೌಕರನ ಕೈ ಇದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಇಷ್ಟೆಲ್ಲ ಗೊತ್ತಿದ್ದುದರಿಂದಲೇ ತಮ್ಮನಿಗೆ ರಾಫಲ್ಸ್ ಎಂದು ಹೇಳಿದ್ದೆ. ಅಂಕಲ್ ತಲೆಯಾಡಿಸಿದರು. "ಅದು ದೊರೆಗಳದ್ದು. ನಮ್ಮಪ್ಪ ಅದರ ಮುಂದೆ ದಿನಾ ಸೈಕಲಿನಲ್ಲಿ ಹೋಗುತ್ತಿದ್ದ, ಒಂದು ದಿನವೂ ಒಳಗೆ ಕಾಲಿಟ್ಟವನಲ್ಲ. ಫುಲ್ಲರ್ಟನ್ ಆದರೆ ನಮ್ಮದು."

ಫುಲ್ಲರ್ಟನ್ ಹುಟ್ಟಿದ್ದು ಹೋಟೆಲಾಗಿ ಅಲ್ಲ. ನದಿ ಕಡಲನ್ನು ಸೇರುವಲ್ಲಿ, ಹಿಂದೆ ಕೋಟೆಯಿದ್ದ ನೆಲದ ಮೇಲೆ 1928ರಲ್ಲಿ ಎದ್ದ ಸರ್ಕಾರಿ ಕಟ್ಟಡ ಅದು. ಬೂದು ಬಣ್ಣದ ಭಾರೀ ಕಂಬಗಳ ಸಾಲು, ಕೆಳಗೆ ಅಂಚೆ, ಮೇಲೆ ಬೇರೆ ಬೇರೆ ಕಚೇರಿಗಳು. 1942ರ ಫೆಬ್ರವರಿಯಲ್ಲಿ ಜಪಾನಿನ ಸೈನ್ಯ ಊರ ಬಾಗಿಲಿಗೆ ಬಂದಾಗ ಗವರ್ನರ್ ಶೆಂಟನ್ ಥಾಮಸ್ ಆಶ್ರಯ ಪಡೆದದ್ದು ಇಲ್ಲೇ. ಗಾಯಾಳುಗಳಿಗೆ ಚಿಕಿತ್ಸೆ ನಡೆದದ್ದೂ ಇಲ್ಲೇ. ಪುಸ್ತಕಗಳು ಹೇಳುವುದು ಇಷ್ಟು. ಅಂಕಲ್ ಹೇಳಿದ್ದು ಬೇರೆ. ಸಂಬಳದ ಮರುದಿನ ಬಂದರಿನ ಕೂಲಿಗಳು ಕೌಂಟರಿನ ಉದ್ದಕ್ಕೂ ಸಾಲು ನಿಲ್ಲುತ್ತಿದ್ದರಂತೆ. ಬರೆಯಲು ಬಾರದವರು ಮನಿ ಆರ್ಡರ್ ಫಾರಂ ಹಿಡಿದು, ಓದು ಬಲ್ಲವರು ಯಾರಾದರೂ ಬರಲಿ ಎಂದು ಕಾಯುತ್ತಿದ್ದರಂತೆ. ಊರಿಗೆ ಹೋಗುವ ನೀಲಿ ಏರೋಗ್ರಾಮುಗಳನ್ನು ಗೂಡುಗಳಿಗೆ ಹೇಗೆ ಎಸೆಯುತ್ತಿದ್ದರೆಂದು ಅವರು ಬಲಗೈಯಲ್ಲಿ ಮಾಡಿ ತೋರಿಸಿದರು. ಮಣಿಕಟ್ಟು ಮಾತ್ರ ಅಲುಗಿತು, ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು. "ಕೈ ಬೀಸಿದರೆ ಮಧ್ಯಾಹ್ನದೊಳಗೆ ಭುಜ ಬಿದ್ದುಹೋಗುತ್ತದೆ ಅಮ್ಮಾ" ಎಂದರು.

1996ರಲ್ಲಿ ಅಂಚೆ ಅಲ್ಲಿಂದ ಹೊರಟಿತು. 2001ರಲ್ಲಿ ಹೋಟೆಲ್ ತೆರೆಯಿತು. ಈಗ ಅಲ್ಲಿ ಹಳೆಯ ಅಂಚೆ ಕಚೇರಿಯ ನೆನಪುಗಳನ್ನು ಚೊಕ್ಕವಾಗಿ ಜೋಡಿಸಿಟ್ಟಿದ್ದಾರೆ. ಕಾಸು ಕೊಡದೆ ನೋಡಬಹುದು. ಅಂಕಲ್ ಮಾತ್ರ ಈವರೆಗೆ ಒಳಗೆ ಹೋಗಿಲ್ಲ. "ಬಾಗಿಲು ತೆರೆಯುವವನು ಏನು ಬೇಕು ಎಂದು ಕೇಳಿದರೆ ಏನು ಹೇಳಲಿ?" ಎಂದರು. ಈ ಪ್ರಶ್ನೆ ನನಗೆ ನೋವು ತಂದಿತು. ಮೂವತ್ತು ದಿನದ ಸಂಬಳಕ್ಕೆ ಅಲ್ಲಿಯೇ ದುಡಿದ ಮನುಷ್ಯ ಇವರು.

ಆ ರಾತ್ರಿ ನಿದ್ದೆ ಬರಲಿಲ್ಲ. ತಲೆಯ ತುಂಬ ಮೈಸೂರು. ನಮ್ಮಲ್ಲಿಯೂ ಇಂಥ ಎರಡು ಹೋಟೆಲುಗಳಿವೆ: ಮಹಾರಾಜರು ಬ್ರಿಟಿಷ್ ಅತಿಥಿಗಳಿಗಾಗಿ 1920ರಲ್ಲಿ ಕಟ್ಟಿಸಿದ ಮೆಟ್ರೊಪೋಲ್, ವೈಸರಾಯ್ ಇಳಿದುಕೊಳ್ಳಲೆಂದು 1921ರಲ್ಲಿ ನಿರ್ಮಾಣ ಆರಂಭವಾದ ಲಲಿತ ಮಹಲ್. ಎರಡೂ ಅತಿಥಿಗಳಿಗಾಗಿಯೇ ಎದ್ದವು, ಎರಡೂ ಉಳಿದಿವೆ, ನನಗೆ ಅದರಲ್ಲಿ ಸಂತೋಷವೇ. ಆದರೆ ಲ್ಯಾನ್ಸ್‌ಡೌನ್ ಕಟ್ಟಡ? ಕಾಲೇಜಿನ ದಿನಗಳಲ್ಲಿ ನಾನು ಅರ್ಧ ಬೆಲೆಯ ಪಠ್ಯಪುಸ್ತಕ ಹುಡುಕಿ ಅಲೆದದ್ದು ಅದರ ಕಮಾನುಗಳ ಕೆಳಗೆ. ಪುಸ್ತಕದೊಳಗೆ ಹಿಂದಿನ ಒಡತಿಯ ಹೆಸರು, ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿ. ಚೌಕಾಸಿ ಮಾಡಿ ಉಳಿಸಿದ ಹಣದಲ್ಲಿ ಮಸಾಲೆ ದೋಸೆ. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ಜೀವಗಳೂ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆಮೇಲೆ ವರದಿ, ಸಮಿತಿ, ನ್ಯಾಯಾಲಯ. ಕೆಡವಬೇಕೋ, ದುರಸ್ತಿ ಮಾಡಬೇಕೋ ಎಂಬ ಜಗ್ಗಾಟ. ದೊರೆಗಳ ಅತಿಥಿಗೃಹ ನಿಂತಿತು, ಬಡ ವಿದ್ಯಾರ್ಥಿಯ ಅಂಗಡಿ ಸಾಲು ಬಿತ್ತು. ಇದನ್ನು ವಿಧಿ ಎನ್ನಲು ನಾನು ತಯಾರಿಲ್ಲ. ಸುಣ್ಣ, ಗಾರೆ, ಮಾಡಿನ ಹೆಂಚುಗಳನ್ನು ವರ್ಷ ವರ್ಷ ನೋಡಿಕೊಳ್ಳಬೇಕಾದವರು ನೋಡಿಕೊಳ್ಳಲಿಲ್ಲ, ಅಷ್ಟೇ.

ಮರುದಿನ ಇದನ್ನೆಲ್ಲ ಅಂಕಲ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಮ್ಮದೇ ವಾಸಿ. ಹೋಟೆಲಾದರೂ ಗೋಡೆ ಇದೆಯಲ್ಲ" ಎಂದರು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಇದೇ ಸಿಂಗಪುರ ಸ್ಟ್ಯಾಮ್‌ಫರ್ಡ್ ರಸ್ತೆಯ ಕೆಂಪು ಇಟ್ಟಿಗೆಯ ಗ್ರಂಥಾಲಯವನ್ನು ಸುರಂಗ ರಸ್ತೆಗಾಗಿ ಕೆಡವಿತು. ಇಲ್ಲಿನವರು ಇವತ್ತಿಗೂ ಅದಕ್ಕಾಗಿ ಹಲುಬುತ್ತಾರೆ. ಉಳಿಸುವ ಹಣ ಇದ್ದ ಮಾತ್ರಕ್ಕೆ ಯಾವುದನ್ನು ಉಳಿಸಬೇಕೆಂಬ ವಿವೇಕ ತಾನಾಗಿ ಬರುವುದಿಲ್ಲ. ಆದರೆ ಬಿದ್ದ ಗೋಡೆಯ ಮುಂದೆ ವಾದಕ್ಕೂ ಜಾಗವಿಲ್ಲ ಎಂಬ ಅಂಕಲ್ ಲೆಕ್ಕ ತಳ್ಳಿಹಾಕುವಂಥದ್ದಲ್ಲ.

ತಮ್ಮ ಫುಲ್ಲರ್ಟನ್‌ನಲ್ಲೇ ಕೋಣೆ ಕಾಯ್ದಿರಿಸಿದ್ದಾನೆ. ಅಂಕಲ್ ನಮ್ಮೊಂದಿಗೆ ಟೀಗೆ ಬರಲು ಇನ್ನೂ ಒಪ್ಪಿಲ್ಲ, ನಾನು ಕರೆಯುವುದನ್ನು ಬಿಡುವುದಿಲ್ಲ. ಊರಿನಲ್ಲಿರುವ ನಿಮಗೆ ನನ್ನ ಬಿನ್ನಹ ಇಷ್ಟೇ: ಲ್ಯಾನ್ಸ್‌ಡೌನ್ ಜಾಗದಲ್ಲಿ ಹಳೆಯದು ನಿಲ್ಲಲಿ, ಹೊಸದೇ ಏಳಲಿ, ಅಲ್ಲಿ ಮೊದಲ ಬಾಡಿಗೆ ಪತ್ರ ಹಳೆ ಪುಸ್ತಕದ ಅಂಗಡಿಯವರ ಹೆಸರಿಗೇ ಆಗಬೇಕು ಎಂದು ಪಾಲಿಕೆಯನ್ನು ಕೇಳಿ.