ಮಳೆಗಾಲಕ್ಕೆ ಮುನ್ನ ಕೊಳ್ಳಬೇಕಾದ ಚಾರ್ಜರ್

ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆದ್ದರಿಂದ ಮೇ ತಿಂಗಳು ಮುಗಿಯುತ್ತಿದ್ದಂತೆ ವಾಸ್ಕೋದ ಖಾರೀವಾಡಾ, ಮಾಂಡವಿಯ ಉತ್ತರ ದಂಡೆಯ ಮಾಲಿಂ, ದಕ್ಷಿಣದ ಕಟ್ಬೋನಾ ಜೆಟ್ಟಿಗಳಲ್ಲಿ ಟ್ರಾಲರುಗಳು ಒತ್ತೊತ್ತಾಗಿ ಬಂದು ನಿಲ್ಲುತ್ತವೆ; ಸಣ್ಣ ಫೈಬರ್ ದೋಣಿಗಳನ್ನು ದಡಕ್ಕೆಳೆದು ಟಾರ್ಪಾಲು ಹೊದಿಸಿಡುತ್ತಾರೆ. ಮನೆಗಳಲ್ಲಿಯೂ ಸ್ಥಿತಿ ಹೆಚ್ಚು ಭಿನ್ನವಲ್ಲ. ಮಳೆ ಹಿಡಿದ ಮೇಲೆ ಬುಲೆಟ್ ಹೊರಗೆ ಬರುವುದಿಲ್ಲ, ಎರಡನೆಯ ಕಾರು ವಾರಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ನಾನು ಹಡಗು ದುರಸ್ತಿಯ ಯಾರ್ಡೊಂದರಲ್ಲಿ ವಿದ್ಯುತ್ ಕೆಲಸ ನೋಡಿಕೊಳ್ಳುವವನಾದ್ದರಿಂದ, ಇಲ್ಲಿನ ನಮ್ಮ ಕನ್ನಡ ಬಳಗದವರು ಈ ಹೊತ್ತಿನಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದೇ: ನಿಂತ ವಾಹನದ ಬ್ಯಾಟರಿ ಕೆಡದಂತೆ ಕಾಯುವ ಸ್ಮಾರ್ಟ್ ಚಾರ್ಜರ್ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ಯಾವ ಕಂಪನಿಯದು ಎಂಬುದಕ್ಕಿಂತ ಮೊದಲು, ಯಾವ ಬ್ಯಾಟರಿಗೆ, ಎಂಥ ಜಾಗದಲ್ಲಿ, ಯಾರೂ ಹತ್ತಿರ ಹೋಗಿ ನೋಡದೆ ಎಷ್ಟು ದಿನ ಎಂಬುದನ್ನು ವಿಚಾರಿಸಬೇಕು ಎನ್ನುವುದು ನನ್ನ ಉತ್ತರ.

ನಿಂತ ಬ್ಯಾಟರಿ ಏಕೆ ಕೆಡುತ್ತದೆ ಎಂಬುದು ತಿಳಿದರೆ ಉಳಿದದ್ದು ಸುಲಭವಾಗುತ್ತದೆ. 12 ವೋಲ್ಟಿನ ಸೀಸ-ಆ್ಯಸಿಡ್ ಬ್ಯಾಟರಿಯಲ್ಲಿ ಆರು ಸೆಲ್ಲುಗಳಿರುತ್ತವೆ. ಪೂರ್ತಿ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ ಮೀಟರಿನಲ್ಲಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಸುಮಾರು ಅರ್ಧ ಮುಗಿದಿದೆ, 11.9ರ ಆಸುಪಾಸಿಗೆ ಬಂದರೆ ಬರಿದಾಗಿದೆ ಎಂದೇ ಲೆಕ್ಕ. ಬ್ಯಾಟರಿ ಇಳಿಯುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಅದು ಕರಗಿಹೋಗುತ್ತದೆ, ವಾರಗಟ್ಟಲೆ ಹಾಗೆಯೇ ಬಿಟ್ಟರೆ ಗಟ್ಟಿಯಾದ ದೊಡ್ಡ ಹರಳುಗಳಾಗಿ, ಪ್ಲೇಟಿನ ಅಷ್ಟು ಭಾಗವನ್ನು ಶಾಶ್ವತವಾಗಿ ನಿಷ್ಪ್ರಯೋಜಕವಾಗಿಸುತ್ತದೆ. ಕಾರು ನಿಂತಿದ್ದರೂ ಅದರ ಅಲಾರ್ಮು, ಗಡಿಯಾರ, ಕಂಪ್ಯೂಟರುಗಳು ಸಣ್ಣ ಪ್ರಮಾಣದಲ್ಲಿ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಅದು ಕೇವಲ 30 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 0.72 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್), ತಿಂಗಳಿಗೆ 21 ಆಂಪಿಯರ್-ಅವರ್‌ಗಿಂತ ಹೆಚ್ಚಾಯಿತು. 45 ಆಂಪಿಯರ್-ಅವರಿನ ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ. ಇದರ ಮೇಲೆ ಬ್ಯಾಟರಿ ತಾನಾಗಿಯೇ ಇಳಿಯುವುದೂ ಇದೆ, ಮತ್ತು ಸೆಕೆ ಏರಿದಷ್ಟೂ ಆ ಇಳಿತ ವೇಗವಾಗುತ್ತದೆ.

ಬ್ಯಾಟರಿ ಅಂಗಡಿಯವರಲ್ಲಿ ಇದಕ್ಕೆ ಹಳೆಯ ಪರಿಹಾರವೊಂದಿದೆ. ಗದಗ ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟಿರುವ ನಮ್ಮ ಪರಿಚಯದವರು "ರಾತ್ರಿ ಹಚ್ಚಿಡ್ತೀನಿ ಸಾಹೇಬ್ರ, ಮುಂಜಾನಿ ಬಂದು ಒಯ್ರಿ" ಎನ್ನುತ್ತಾರೆ. ಅವರು ಗಂಟೆಗೊಮ್ಮೆ ಮುಟ್ಟಿ ನೋಡುವವರು, ಹೈಡ್ರೋಮೀಟರಿನಲ್ಲಿ ಆ್ಯಸಿಡ್ ಅಳೆಯುವವರು. ಅವರು ಹಚ್ಚುವುದು ತಾನಾಗಿ ನಿಲ್ಲದ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರು; ಅವರ ಕೈಯಲ್ಲಿ ಅದರಿಂದ ಹಾನಿಯಿಲ್ಲ. ಅದೇ ಚಾರ್ಜರನ್ನು ಮನೆಯಲ್ಲಿ ಹಚ್ಚಿ ಮರೆತರೆ, ಬ್ಯಾಟರಿ ತುಂಬಿದ ಮೇಲೂ ಅದು ವಿದ್ಯುತ್ತನ್ನು ತಳ್ಳುತ್ತಲೇ ಇದ್ದು ನೀರನ್ನು ಕುದಿಸಿಬಿಡುತ್ತದೆ. ಸ್ಮಾರ್ಟ್ ಚಾರ್ಜರಿನ ಗುಣ ಇಲ್ಲಿಯೇ ಇರುವುದು. ಮೊದಲು ತನ್ನ ಪೂರ್ಣ ಆಂಪಿಯರಿನಲ್ಲಿ ತುಂಬುತ್ತದೆ, ವೋಲ್ಟೇಜು 14.4ರ ಸುಮಾರಿಗೆ ಬಂದಾಗ ಅದನ್ನು ಅಲ್ಲಿಯೇ ಹಿಡಿದು, ಬ್ಯಾಟರಿ ಎಳೆದುಕೊಳ್ಳುವಷ್ಟನ್ನು ಮಾತ್ರ ಕೊಡುತ್ತ ಹೋಗುತ್ತದೆ. ಆ ಎಳೆತ ತೀರ ಕಡಿಮೆಯಾದ ಮೇಲೆ 13.5ರಿಂದ 13.8ರ ಮಟ್ಟಕ್ಕೆ ಇಳಿದು ಕೇವಲ ಕಾಯುತ್ತದೆ. ಈ ಕೊನೆಯ ಹಂತಕ್ಕೆ ಫ್ಲೋಟ್ ಎನ್ನುತ್ತಾರೆ. ಕೆಲವು ಚಾರ್ಜರುಗಳು ಇದಕ್ಕಿಂತಲೂ ಕೆಳಗೆ, 13.2ರ ಸುಮಾರಿಗೆ ಇಳಿದು, ವಾರಕ್ಕೊಮ್ಮೆ ಮತ್ತೆ ಮೇಲೇರಿ ಬ್ಯಾಟರಿಯನ್ನು ತುಂಬಿಸಿ ಬರುತ್ತವೆ. ಎರಡು ತಿಂಗಳು ಬಿಟ್ಟಿರುವವರಿಗೆ ನಾನು ಇದನ್ನೇ ಹೇಳುವುದು.

ಇವು ಮೂರು ಅಥವಾ ನಾಲ್ಕು ಹಂತಗಳಾದವು. ಆದರೆ ಪೆಟ್ಟಿಗೆಯ ಮೇಲೆ ಏಳು ಹಂತ, ಎಂಟು ಹಂತ, ಒಂಬತ್ತು ಹಂತ ಎಂದು ಬರೆದಿರುತ್ತಾರೆ. ಬ್ಯಾಟರಿ ಜೋಡಣೆಯಾಗಿದೆಯೇ ಎಂದು ಪರೀಕ್ಷಿಸುವುದನ್ನು, ತುಂಬಿದ ಮೇಲೆ ವೋಲ್ಟೇಜು ನಿಲ್ಲುತ್ತದೆಯೇ ಎಂದು ನೋಡುವುದನ್ನು ಕೂಡ ಒಂದೊಂದು ಹಂತವೆಂದು ಎಣಿಸಿದರೆ ಸಂಖ್ಯೆ ಬೆಳೆಯುವುದು ಕಷ್ಟವೇನಲ್ಲ. ಈ ಸಂಖ್ಯೆಯನ್ನು ನೋಡಿ ಹೆಚ್ಚಿನ ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮುಖ್ಯವಾದದ್ದು ಬ್ಯಾಟರಿಯ ಜಾತಿ. ನೀರು ಹಾಕುವ ಮಾಮೂಲಿ ಬ್ಯಾಟರಿಗೆ 14.4 ಸರಿ. ಎಂಜಿನ್ ತಾನಾಗಿ ನಿಂತು ಮತ್ತೆ ಹೊರಡುವ ಈಚಿನ ಕಾರುಗಳಲ್ಲಿ ಮತ್ತು ಅನೇಕ ಮೋಟಾರ್‌ಸೈಕಲ್ಲುಗಳಲ್ಲಿ ಬರುವ ಎ.ಜಿ.ಎಂ. (ಆ್ಯಸಿಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ) ಬ್ಯಾಟರಿಗಳಿಗೆ ತಯಾರಕರು 14.7ರವರೆಗೂ ಹೇಳುವುದುಂಟು. ಆ್ಯಸಿಡ್ ಲೋಳೆಯಂತೆ ಗಟ್ಟಿಯಾಗಿರುವ ಜೆಲ್ ಬ್ಯಾಟರಿಗೆ 14.1 ಅಥವಾ 14.2 ದಾಟಬಾರದು; ದಾಟಿದರೆ ಒಳಗಿನ ಜೆಲ್‌ನಲ್ಲಿ ಗುಳ್ಳೆಗಳೆದ್ದು, ಅವು ಮತ್ತೆ ಕೂಡಿಕೊಳ್ಳುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ದಾರಿಯೇ ಬೇರೆ: ಅದರಲ್ಲಿ ನಾಲ್ಕೇ ಸೆಲ್ಲುಗಳು, ಸಲ್ಫೇಟಿನ ಪ್ರಶ್ನೆಯೇ ಇಲ್ಲ, ಮತ್ತು ಅದನ್ನು ಸದಾ ತುಂಬಿದ ಸ್ಥಿತಿಯಲ್ಲಿಡುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸೀಸದ ಬ್ಯಾಟರಿಗಳ ಹರಳು ಒಡೆಯಲೆಂದು ಕೆಲವು ಚಾರ್ಜರುಗಳು 15 ವೋಲ್ಟಿಗಿಂತ ಮೇಲೇರಿ ಕೊಡುವ ರಿಪೇರಿ ಚಾರ್ಜನ್ನು ಲಿಥಿಯಂಗೆ ಕೊಡಲೇಬಾರದು. ಆದ್ದರಿಂದ ಲಿಥಿಯಂಗಾಗಿ ಪ್ರತ್ಯೇಕ ಆಯ್ಕೆ ಇಲ್ಲದ ಚಾರ್ಜರನ್ನು ಆ ಬ್ಯಾಟರಿಯ ಹತ್ತಿರ ಒಯ್ಯದಿರುವುದೇ ಒಳ್ಳೆಯದು.

ಇನ್ನು ನಮ್ಮ ಕರಾವಳಿಗೆ ವಿಶೇಷವಾಗಿ ಸಂಬಂಧಿಸಿದ ಎರಡು ವಿಷಯಗಳಿವೆ. ಚಾರ್ಜರ್ ಮಾರುವವರು ಇವೆರಡನ್ನೂ ತಾವಾಗಿ ಹೇಳುವುದಿಲ್ಲ.

ಒಂದು, ಸೆಕೆ. ಈವರೆಗೆ ಹೇಳಿದ ವೋಲ್ಟೇಜುಗಳೆಲ್ಲ ಬ್ಯಾಟರಿ 25 ಡಿಗ್ರಿಯಲ್ಲಿದೆ ಎಂದು ಭಾವಿಸಿ ಹೇಳಿದವು. ಸೀಸದ ಬ್ಯಾಟರಿಗೆ ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.02 ವೋಲ್ಟನ್ನು ತಗ್ಗಿಸಬೇಕು. ಮೇ ತಿಂಗಳಿನಲ್ಲಿ ತಗಡಿನ ಶೆಡ್ಡಿನೊಳಗೆ ಬ್ಯಾಟರಿ 35 ಡಿಗ್ರಿ ತಲುಪಿದ್ದರೆ 14.4 ಇರಬೇಕಾದದ್ದು 14.2 ಆಗಬೇಕು, 13.6ರ ಫ್ಲೋಟ್ 13.4ಕ್ಕೆ ಇಳಿಯಬೇಕು. ಕೇಳಲು ಇದು ಅಲ್ಪವೆನಿಸಬಹುದು. ಆದರೆ ಫ್ಲೋಟಿನಲ್ಲಿ ಎರಡು ತಿಂಗಳು ಇರುವ ಬ್ಯಾಟರಿಗೆ ಈ 0.2 ವೋಲ್ಟ್ ಎಂದರೆ ದಿನದಿನವೂ ನೀರು ಆರುವುದು ಮತ್ತು ಪ್ಲೇಟುಗಳು ಸವೆಯುವುದು. ನೀರು ಹಾಕಲು ಬಾರದ ಸೀಲ್ಡ್ ಬ್ಯಾಟರಿಯಲ್ಲಂತೂ ಆರಿದ್ದನ್ನು ತುಂಬುವ ದಾರಿಯೇ ಇಲ್ಲ. ಉಷ್ಣಾಂಶಕ್ಕೆ ತಕ್ಕಂತೆ ವೋಲ್ಟೇಜನ್ನು ತಿದ್ದಿಕೊಳ್ಳುವ ಚಾರ್ಜರನ್ನೇ ಕೇಳಿ ಕೊಳ್ಳಬೇಕು. ಸಾಧ್ಯವಾದರೆ ಅದರ ಸೆನ್ಸರ್ ಬ್ಯಾಟರಿಯ ಟರ್ಮಿನಲ್ಲಿಗೆ ತಾಗುವಂತಿರಬೇಕು, ಏಕೆಂದರೆ ಚಾರ್ಜರಿನ ಪೆಟ್ಟಿಗೆಯೊಳಗಿನ ಸೆನ್ಸರಿಗೆ ಗೊತ್ತಾಗುವುದು ಚಾರ್ಜರ್ ಇರುವ ಜಾಗದ ಸೆಕೆ ಮಾತ್ರ. ಶೀತದೇಶಗಳಲ್ಲಿ ತಯಾರಾದ ಕೆಲವು ಚಾರ್ಜರುಗಳ ಮೇಲೆ ಹಿಮದ ಹರಳಿನ ಚಿತ್ರವಿರುವ ಗುರುತೊಂದಿರುತ್ತದೆ. ಅದನ್ನು ಆರಿಸಿದರೆ ವೋಲ್ಟೇಜು 14.7ಕ್ಕೆ ಏರುತ್ತದೆ. ಕೆಲವು ಎ.ಜಿ.ಎಂ. ಬ್ಯಾಟರಿಗಳಿಗೆ ಅದು ಬೇಕಾಗುತ್ತದೆಯಾದರೂ, ಇಲ್ಲಿ ಮಾಮೂಲಿ ಬ್ಯಾಟರಿಗೆ ಅದನ್ನು ಒತ್ತಿ, ಚಾರ್ಜರ್ ತಣ್ಣಗಿರುತ್ತದೆಂದು ನಂಬಿರುವವರನ್ನೂ ನಾನು ಕಂಡಿದ್ದೇನೆ.

ಎರಡು, ಕರೆಂಟು. ಮಳೆಗಾಲದಲ್ಲಿ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದರೂ ಸಾಕು, ವಿದ್ಯುತ್ತು ಹೋಗಿ ಬಂದು ಮಾಡುತ್ತದೆ. ಹೀಗೆ ಹೋಗಿ ಬಂದ ಮೇಲೆ ಕೆಲವು ಚಾರ್ಜರುಗಳು ಹಿಂದೆ ಆರಿಸಿದ್ದ ಆಯ್ಕೆಯನ್ನು ನೆನಪಿಟ್ಟುಕೊಂಡು ಕೆಲಸ ಮುಂದುವರಿಸುತ್ತವೆ. ಇನ್ನು ಕೆಲವು, ಯಾರಾದರೂ ಬಂದು ಗುಂಡಿ ಒತ್ತಲಿ ಎಂದು ಸುಮ್ಮನೆ ಕುಳಿತುಬಿಡುತ್ತವೆ. ಜೂನ್ ಮೊದಲ ಗಾಳಿಗೆ ಕರೆಂಟು ಹೋದರೆ ಈ ಎರಡನೆಯ ಬಗೆಯ ಚಾರ್ಜರ್ ಆಗಸ್ಟಿನವರೆಗೆ ಒಂದು ದೀಪವನ್ನು ಬೆಳಗಿಸಿಕೊಂಡು ಕುಳಿತಿರುತ್ತದೆ, ಅಷ್ಟೇ. ಕೊಳ್ಳುವಾಗ ಅಂಗಡಿಯಲ್ಲಿಯೇ ಒಂದು ಬ್ಯಾಟರಿಗೆ ಜೋಡಿಸಿ, ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಇದು ತಿಳಿಯುತ್ತದೆ. ನನ್ನ ಮಟ್ಟಿಗೆ ಇದು ಎಂಟು ಹಂತ, ಬ್ಲೂಟೂತು, ಮೊಬೈಲ್ ಆ್ಯಪುಗಳಿಗಿಂತ ಮೇಲು.

ಆಂಪಿಯರಿನ ಲೆಕ್ಕ ಸರಳ. ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೆಯ ಒಂದು ಭಾಗದಷ್ಟು ಆಂಪಿಯರ್ ಇದ್ದರೆ ಸಾಕು: ಬೈಕಿಗೆ 1, ಸಾಮಾನ್ಯ ಕಾರಿಗೆ 4 ಅಥವಾ 5, ದೋಣಿಯ 100 ಆಂಪಿಯರ್-ಅವರ್ ಬ್ಯಾಟರಿಗೆ 10. ಕಾಪಾಡಿಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ಇದಕ್ಕಿಂತ ಕಡಿಮೆಯೂ ನಡೆಯುತ್ತದೆ. ದೊಡ್ಡ ಚಾರ್ಜರನ್ನು ಸಣ್ಣ ಬ್ಯಾಟರಿಗೆ ಹಾಕುವುದು ಮಾತ್ರ ಬೇಡ.

ದೋಣಿಗೆ ಬಂದರೆ ಪ್ರಶ್ನೆಗಳು ಹೆಚ್ಚುತ್ತವೆ. ಟ್ರಾಲರುಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿಕೊಂಡಿರುವುದು ಸಾಮಾನ್ಯ; 12 ವೋಲ್ಟಿನ ಚಾರ್ಜರನ್ನು ಅದಕ್ಕೆ ನೇರವಾಗಿ ಹಚ್ಚುವಂತಿಲ್ಲ. ಸಣ್ಣ ದೋಣಿಯಲ್ಲಿ ಎಂಜಿನ್ ಎಬ್ಬಿಸಲು ಒಂದು, ದೀಪ, ವೈರ್‌ಲೆಸ್ಸು, ಫಿಶ್ ಫೈಂಡರುಗಳಿಗೆ ಇನ್ನೊಂದು ಬ್ಯಾಟರಿ ಇದ್ದರೆ, ಎರಡಕ್ಕೂ ಬೇರೆ ಬೇರೆ ಔಟ್‌ಪುಟ್ ಇರುವ ಚಾರ್ಜರ್ ಬೇಕು. ತೇಲುತ್ತಲೇ ಇರುವ ದೋಣಿಯಲ್ಲಿ ಇನ್ನೊಂದು ತೊಡಕಿದೆ. ಮಳೆನೀರು ತುಂಬಿದಂತೆಲ್ಲ ದೋಣಿಯ ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ತಾನಾಗಿ ಓಡಿ ಬ್ಯಾಟರಿಯಿಂದ ಎಳೆಯುತ್ತಿರುತ್ತದೆ. ಚಾರ್ಜರಿನ ದೃಷ್ಟಿಯಲ್ಲಿ ಇದು ಎಷ್ಟು ತುಂಬಿದರೂ ತುಂಬದ ಬ್ಯಾಟರಿ. ಅನೇಕ ಸ್ಮಾರ್ಟ್ ಚಾರ್ಜರುಗಳಲ್ಲಿ ಮೊದಲ ಹಂತಕ್ಕೆ ಕಾಲಮಿತಿ ಇರುವುದರಿಂದ, ಬ್ಯಾಟರಿಯೇ ಕೆಟ್ಟಿದೆ ಎಂದು ತೀರ್ಮಾನಿಸಿ ಕೆಂಪು ದೀಪ ಹಚ್ಚಿ ಅವು ನಿಂತುಬಿಡುತ್ತವೆ. ಕಾರವಾರದಿಂದ ಬಂದು ಇಲ್ಲಿ ದೋಣಿ ನಡೆಸುವ ನಮ್ಮ ಭಾವನವರಿಗೆ, ಪಂಪಿನ ಎಳೆತಕ್ಕಿಂತ ಹೆಚ್ಚು ಆಂಪಿಯರ್ ಕೊಡಬಲ್ಲ ಮತ್ತು ದೋಣಿಯಲ್ಲೇ ಕಾಯಂ ಆಗಿ ಕೂರಿಸಲೆಂದು ಮಾಡಿದ ಚಾರ್ಜರನ್ನೇ ಕೊಳ್ಳಲು ಹೇಳಿದ್ದು ಇದೇ ಕಾರಣಕ್ಕೆ.

ಧೂಳು, ನೀರುಗಳಿಗೆ ಚಾರ್ಜರಿನ ಪೆಟ್ಟಿಗೆ ಎಷ್ಟು ಭದ್ರ ಎಂಬುದನ್ನು ಐ.ಪಿ. ಸಂಖ್ಯೆ ಹೇಳುತ್ತದೆ. ಐ.ಪಿ. 65 ಎಂದರೆ ಧೂಳು ಹೋಗದು, ಯಾವ ಕಡೆಯಿಂದ ನೀರು ಚಿಮ್ಮಿದರೂ ತಡೆಯುತ್ತದೆ, ಐ.ಪಿ. 67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು. ಆದರೆ ಈ ಪರೀಕ್ಷೆಗಳು ನಡೆಯುವುದು ಸಿಹಿನೀರಿನಲ್ಲಿ. ಉಪ್ಪಿನ ಗಾಳಿಗೆ ಪೆಟ್ಟಿಗೆ ಉಳಿದರೂ ಕ್ಲಿಪ್ಪುಗಳು ಉಳಿಯುವುದಿಲ್ಲ, ತಾಮ್ರದ ಎಳೆಗಳು ಹಸಿರಾಗಿ ಪುಡಿಯಾಗುತ್ತವೆ. ತವರ ಲೇಪಿಸಿದ ತಾಮ್ರದ ವಯರಿನ ತುದಿಗೆ ಲಗ್ (ಬೋಲ್ಟು ತೂರುವ ಲೋಹದ ಬಳೆ) ಒತ್ತಿಸಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ ಬೋಲ್ಟಿನಿಂದ ಬಿಗಿಯುವುದು ಸರಿಯಾದ ಕ್ರಮ. ಕೊನೆಯ ಹೊತ್ತಿನ ಚಾರ್ಜಿನಲ್ಲಿ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಗಾಳಿಯಲ್ಲಿ ಅದು ಶೇಕಡಾ 4ರಷ್ಟಾದರೂ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಪೆಟ್ರೋಲಿನ ದೋಣಿಯಲ್ಲಿ ಅದರ ಆವಿಯೂ ಸೇರಿರುತ್ತದೆ. ಟಾರ್ಪಾಲನ್ನು ಒಂದು ಕಡೆ ಎತ್ತಿ ಗಾಳಿಯಾಡಲು ಬಿಡಬೇಕು, ಮತ್ತು ಜೆಟ್ಟಿಯಿಂದ ಎಳೆದ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ವಿದ್ಯುತ್ತು ಸೋರಿದೊಡನೆ ಲೈನನ್ನು ಕಡಿಯುವ ಸ್ವಿಚ್ಚು) ಇಲ್ಲದೆ ಏನನ್ನೂ ಹಚ್ಚಬಾರದು.

ಕಂಪನಿಗಳ ಬಗ್ಗೆ ಹೆಚ್ಚು ಬರೆಯಲಾರೆ. ಸ್ವೀಡನ್ನಿನ ಸಿಟೆಕ್, ನೆದರ್‌ಲೆಂಡ್ಸಿನ ವಿಕ್ಟ್ರಾನ್, ಅಮೆರಿಕದ ನೊಕೊ ಹೆಸರು ಪಡೆದವು. ಅವುಗಳಲ್ಲಿಯೂ ಮಾದರಿಯಿಂದ ಮಾದರಿಗೆ ಗುಣ ಬೇರೆಯಾಗಿರುವುದರಿಂದ ಹೆಸರು ನೋಡಿ ನಿಶ್ಚಿಂತರಾಗುವಂತಿಲ್ಲ. ಹೊರದೇಶದಿಂದ ತರಿಸಿದ ಚಾರ್ಜರಿಗೆ ಯುರೋಪಿನ ಪ್ಲಗ್ ಇದ್ದರೆ, ನಮ್ಮ ಸಾಕೆಟ್ಟಿನಲ್ಲಿ ಅದು ಸಡಿಲವಾಗಿ ಕೂರುತ್ತದೆ ಮತ್ತು ಅರ್ತಿಂಗ್ ಸಿಗುವುದಿಲ್ಲ. ಅಡಾಪ್ಟರ್ ಹುಡುಕುವ ಬದಲು ವಯರ್‌ಮನ್ ಕೈಯಲ್ಲಿ ಐ.ಎಸ್.ಐ. ಗುರುತಿನ ಮೂರು ಪಿನ್ನಿನ ಪ್ಲಗ್ ಹಾಕಿಸಬೇಕು. ಪೂರ್ತಿ ಸತ್ತು ಒಂದೆರಡು ವೋಲ್ಟಿಗೆ ಇಳಿದ ಬ್ಯಾಟರಿಯನ್ನು ಬಹಳಷ್ಟು ಸ್ಮಾರ್ಟ್ ಚಾರ್ಜರುಗಳು ಗುರುತಿಸುವುದೇ ಇಲ್ಲ. ಅದು ಚಾರ್ಜರಿನ ದೋಷವಲ್ಲ, ಸುರಕ್ಷತೆಗೆಂದು ಮಾಡಿದ ಏರ್ಪಾಡು. ಅಂಥ ಬ್ಯಾಟರಿಯನ್ನು ಅಂಗಡಿಯವರ ಹಳೆಯ ಟ್ರಾನ್ಸ್‌ಫಾರ್ಮರಿಗೇ ಒಪ್ಪಿಸುವುದು ಮೇಲು.

ಹೊಸ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಒಂದು ಸೆನ್ಸರ್ ಇರುತ್ತದೆ. ಕಪ್ಪು ಕ್ಲಿಪ್ಪನ್ನು ನೇರವಾಗಿ ಟರ್ಮಿನಲ್ಲಿಗೆ ಹಾಕಿದರೆ ನಾವು ತುಂಬಿದ್ದು ಕಾರಿನ ಕಂಪ್ಯೂಟರಿನ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕಾರಿನ ಕೈಪಿಡಿ ತೋರಿಸಿದ ಬಾಡಿಯ ಬೋಲ್ಟಿಗೆ ಹಾಕಬೇಕು, ಕೆಂಪನ್ನು ಮೊದಲು, ಕಪ್ಪನ್ನು ನಂತರ, ಕರೆಂಟಿನ ಸ್ವಿಚ್ಚನ್ನು ಎಲ್ಲಕ್ಕೂ ಕೊನೆಯಲ್ಲಿ.