ಮಿರ್ಚಿ ಯಾವ ದೇಶದ್ದು ಸಾರ್?

ಇವತ್ತು ಏಳನೇ ಕ್ಲಾಸಿಗೆ ಭೂಗೋಳದ ಪಾಠ ಮಾಡಲಿಲ್ಲ, ಚೀಟಿ ಹುಡುಕುವ ಆಟ ಆಡಿಸಿದೆ. ಡಸ್ಟರ್ ಕೆಳಗೆ, ಕಿಟಕಿ ಸಂದಿಯಲ್ಲಿ, ಗ್ಲೋಬಿನ ಬುಡದಲ್ಲಿ ಚೀಟಿ. ‘ಇನ್ನೊಂದು ದೇಶದ ಹೊಟ್ಟೆಯೊಳಗೆ ಕೂತಿರುವ ದೇಶ ಯಾವುದು?’ ಅಟ್ಲಾಸ್ ಎಳೆದಾಡಿ ಲೆಸೊಥೊ ಹಿಡಿದರು. ಇನ್ನೊಂದು ಗುಂಪು ವ್ಯಾಟಿಕನ್ ಅಂದಿತು, ಅದೂ ಸರಿಯೇ. ‘ದಾವಣಗೆರೆಯಿಂದ ನೇರ ಪಶ್ಚಿಮಕ್ಕೆ ಹೋಗಿ’ ಅನ್ನುವ ಚೀಟಿ ಸಿಕ್ಕ ಹುಡುಗಿ 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಲ್ಲೇ ಬೆರಳು ಜಾರಿಸುತ್ತಾ ಅರಬ್ಬಿ ಸಮುದ್ರ, ಯೆಮೆನ್, ಸುಡಾನ್, ಮಾಲಿ ಎಲ್ಲಾ ದಾಟಿ ಸೆನೆಗಲ್‌ನ ಡಕಾರ್ ಹತ್ತಿರ ನಿಂತಳು. ಪೂರ್ವಕ್ಕೆ ಹೋದವನಿಗೆ ಮನಿಲಾ ಸಿಕ್ಕಿತು.

ಗಲಾಟೆ ಎದ್ದಿದ್ದು ಮೆಣಸಿನಕಾಯಿ ಚೀಟಿಗೆ. ಮೆಣಸಿನಕಾಯಿ, ಮೆಕ್ಕೆಜೋಳ, ಶೇಂಗಾ ಮೂರೂ ಅಮೆರಿಕ ಖಂಡಗಳವು, 1492ರಲ್ಲಿ ಕೊಲಂಬಸ್ ಅತ್ತ ಹೋದ ಮೇಲೆಯೇ ಈ ಕಡೆ ಬಂದಿದ್ದು ಅಂದರೆ ಯಾರೂ ಒಪ್ಪಲಿಲ್ಲ. ‘ಹಂಗಾದ್ರೆ ಅದಕ್ಕೂ ಮುಂಚೆ ಮಂಡಕ್ಕಿ ಜೊತೆ ಏನ್ ತಿಂತಿದ್ರು ಸಾರ್?’ ಖಾರಕ್ಕೆ ಕಾಳುಮೆಣಸು ಇತ್ತು ಕಣೋ ಅಂದೆ. ಮುಖ ಸಣ್ಣ ಮಾಡಿಕೊಂಡ. ನ್ಯಾಯವಾದ ಪ್ರಶ್ನೆ ಅಲ್ವಾ? ಊರ ಸುತ್ತ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳದ ಹೊಲ, ಅದನ್ನು ಪರದೇಶದ್ದು ಅಂದರೆ ನನಗೇ ಒಂಥರಾ ಆಗುತ್ತೆ.

ಮುಂದಿನ ಸಲ ಟೊಮೆಟೊ, ಆಲೂಗಡ್ಡೆ ಚೀಟಿ ಇಡುತ್ತೇನೆ. ಜಗಳ ಇನ್ನೂ ಜಾಸ್ತಿ ಆಗಲಿ.