ಮದರ್‌ಬೋರ್ಡ್ ಸೆನ್ಸರ್ ಲಾಗ್: 12 ವೋಲ್ಟ್ ಎಲ್ಲಿ ಹೋಯ್ತು?

ಶನಿವಾರ ಸಂಜೆ

ರಾಯಚೂರಿನ ಏಪ್ರಿಲ್. ಫ್ಯಾನ್ ಹಾಕಿದರೂ ಬಿಸಿಗಾಳಿಯೇ. ಮೇಜಿನ ಕೆಳಗಿನ ರೈಜೆನ್ ಪಿಸಿ ಎರಡು ವಾರದಿಂದ ಆಗಾಗ ಹುಯ್ಯೆಂದು ಕೂಗಿ ಮತ್ತೆ ಸುಮ್ಮನಾಗುತ್ತಿದೆ. ಒಳಗೆ ಏನು ನಡೀತಿದೆ ನೋಡೋಣ ಅಂತ ಡೆಬಿಯನ್ ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಅನ್ನೋ ಸೆನ್ಸರ್ ಓದುವ ತಂತ್ರಾಂಶ ಹಾಕಿಕೊಂಡೆ. 'ಸೆನ್ಸರ್ಸ್' ಕಮಾಂಡ್ ಕೊಟ್ಟರೆ ಸಿಪಿಯು ತಾಪ, ಎಸ್‌ಎಸ್‌ಡಿ ತಾಪ, ಅಷ್ಟೇ. ಫ್ಯಾನ್ ಇಲ್ಲ, ವೋಲ್ಟೇಜ್ ಇಲ್ಲ.

ಅವನ್ನೆಲ್ಲ ಅಳೆಯುವುದು ಬೋರ್ಡ್ ಮೇಲಿನ ಸೂಪರ್ ಐಒ ಚಿಪ್. ಒಂದು ಕಾಲಕ್ಕೆ ಫ್ಲಾಪಿ, ಪ್ರಿಂಟರ್ ಪೋರ್ಟ್ ನೋಡಿಕೊಳ್ಳುತ್ತಿದ್ದ ಚಿಪ್ ಇದು. ನನ್ನ ಬೋರ್ಡ್‌ನಲ್ಲಿರುವುದು ಯಾವುದು ಅಂತ ತಿಳಿಯಲು, ಚಿಪ್ ಹುಡುಕಿಕೊಡುವ ಸೆನ್ಸರ್ಸ್-ಡಿಟೆಕ್ಟ್ ಓಡಿಸಿದೆ. ಪ್ರತಿ ಪ್ರಶ್ನೆಗೂ ಬರೀ ಎಂಟರ್ ಒತ್ತಿ. ಅದು ತಾನಾಗಿ 'ನೋ' ಅಂದ ಕಡೆ 'ಯೆಸ್' ಅನ್ನಬೇಡಿ. ಐ2ಸಿ (ಚಿಪ್‌ಗಳು ಮಾತಾಡಿಕೊಳ್ಳುವ ತಂತಿ) ಮೇಲಿನ ಕಂಡ ಕಂಡ ವಿಳಾಸ ತಟ್ಟಿ ನೋಡಿ ಹಿಂದೆ ಕೆಲವು ಲ್ಯಾಪ್‌ಟಾಪ್‌ಗಳ ಈಪ್ರಾಮ್ (ಸೆಟ್ಟಿಂಗ್ ಇಡುವ ಪುಟ್ಟ ಮೆಮೊರಿ) ಕೆಟ್ಟಿದ್ದುಂಟು. ನನಗೆ ಸಿಕ್ಕಿದ್ದು ನುವೋಟಾನ್ ಎನ್‌ಸಿಟಿ6798ಡಿ. ಅದರ ಡ್ರೈವರ್ ಎನ್‌ಸಿಟಿ6775.

ಡ್ರೈವರ್ ತಕರಾರಿಲ್ಲದೆ ಲೋಡ್ ಆಯ್ತು. ಆದರೆ ಪಟ್ಟಿಯಲ್ಲಿ ಹೊಸದೇನೂ ಇಲ್ಲ! ಕರ್ನಲ್ (ಲಿನಕ್ಸ್‌ನ ತಿರುಳು) ಲಾಗ್ ತೆಗೆದರೆ ಎಸಿಪಿಐ ಕಾನ್‌ಫ್ಲಿಕ್ಟ್ ಅಂತ ಒಂದು ಸಾಲು. ಅಂದರೆ ಚಿಪ್‌ನ ವಿಳಾಸಕ್ಕೆ ಬಯಾಸ್ (ಬೋರ್ಡ್‌ನ ಸ್ವಂತ ತಂತ್ರಾಂಶ) ಮೊದಲೇ ಟವೆಲ್ ಹಾಕಿ ಸೀಟು ಹಿಡಿದಿದೆ. ಕರ್ನಲ್ ಪಾಪ, ಜಗಳ ಯಾಕೆ ಅಂತ ನಿಂತೇ ಇದೆ. ಲಿನಕ್ಸನ್ನು ಎಬ್ಬಿಸುವ ಗ್ರಬ್‌ನಲ್ಲಿ ಎಸಿಪಿಐ-ಎನ್‌ಫೋರ್ಸ್-ರಿಸೋರ್ಸಸ್ ಅನ್ನೋದನ್ನ 'ಲ್ಯಾಕ್ಸ್' (ಸಡಿಲ) ಮಾಡಿ ರೀಬೂಟ್ ಮಾಡಿದೆ. ಬಯಾಸ್ ಮತ್ತು ಡ್ರೈವರ್ ಒಂದೇ ಹೊತ್ತಿಗೆ ಚಿಪ್‌ಗೆ ಕೈ ಹಾಕಿದರೆ ಅಂಕಿ ತಪ್ಪಬಹುದು, ಫ್ಯಾನ್ ಸೆಟ್ಟಿಂಗೂ ಕೆಡಬಹುದು. ಮನೆ ಪಿಸಿ, ಎದುರಿಗೇ ಕೂತಿರುತ್ತೇನೆ, ಪರವಾಗಿಲ್ಲ. ಸರ್ವರ್ ಆಗಿದ್ದರೆ ಈ ಕೆಲಸ ಮಾಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ

ಈಗ ಪರದೆ ತುಂಬ ಅಂಕಿಗಳು. ಒಂದು ತಾಪ 127 ಡಿಗ್ರಿ, ಇನ್ನೊಂದು ಮೈನಸ್ 62. ರಾಯಚೂರಿನಲ್ಲಿ ಮೈನಸ್ 62! ಅಮ್ಮನನ್ನು ಕರೆದು ತೋರಿಸಿದೆ. "ಹಂಗಾರ ಹಾಲಿನ ಪಾಕೀಟು ಅದ್ರಾಗ ಇಡ್ಲೇನು?" ಅಂದಳು. ವಿಷಯ ಇಷ್ಟೇ: ಚಿಪ್‌ಗೆ ತಾಪ ಓದುವ ಪಿನ್‌ಗಳು ಹಲವು, ಬೋರ್ಡ್ ಮಾಡಿದವರು ಎಲ್ಲಕ್ಕೂ ಥರ್ಮಿಸ್ಟರ್ (ತಾಪ ಅಳೆಯುವ ಬಿಡಿಭಾಗ) ಜೋಡಿಸಿರುವುದಿಲ್ಲ. ಖಾಲಿ ಪಿನ್ ಬಾಯಿಗೆ ಬಂದದ್ದು ಹೇಳುತ್ತದೆ.

ವೋಲ್ಟೇಜ್ ಕಥೆ ಇನ್ನೂ ಮಜಾ. 12 ವೋಲ್ಟ್ ಅನ್ನೋದೇ ಎಲ್ಲೂ ಇಲ್ಲ. ಚಿಪ್‌ನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಎರಡು ವೋಲ್ಟ್ ಚಿಲ್ಲರೆಗಿಂತ ಜಾಸ್ತಿ ಅಳೆಯಲಾರದು. ಹಾಗಾಗಿ ಬೋರ್ಡ್‌ನಲ್ಲಿ ಎರಡು ರೆಸಿಸ್ಟರ್ ಇಟ್ಟು 12 ವೋಲ್ಟನ್ನು ಭಾಗಿಸಿ ಕೊಡುತ್ತಾರೆ. ಎಷ್ಟರಿಂದ ಭಾಗಿಸಿದ್ದಾರೆ ಅನ್ನೋದು ಡ್ರೈವರ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ನಾವೇ ಹುಡುಕಬೇಕು.

ಪಕ್ಕದ ಹಲಗೆ ತೆಗೆದು, ಖಾಲಿ ಇದ್ದ ನಾಲ್ಕು ಪಿನ್ನಿನ ಪವರ್ ಕನೆಕ್ಟರ್ ಹೊರಗೆಳೆದೆ. ಮಲ್ಟಿಮೀಟರ್‌ನ ಕಪ್ಪು ಕಡ್ಡಿ ಕಪ್ಪು ತಂತಿಗೆ, ಕೆಂಪು ಕಡ್ಡಿ ಹಳದಿಗೆ. 12.14 ಬಂತು. ಕೆಂಪು ತಂತಿಗೆ ಇಟ್ಟರೆ 5.02. ಪರದೆಯಲ್ಲಿ ಚಿಪ್‌ನ ವೋಲ್ಟೇಜ್ ಸಾಲುಗಳ ಪೈಕಿ ಇನ್4 1.008, ಇನ್1 1.000. ಹನ್ನೆರಡರಿಂದ, ಐದರಿಂದ ಗುಣಿಸಿದರೆ ಲೆಕ್ಕ ಕೂಡುತ್ತದೆ. ಬಯಾಸ್ ಪರದೆಯ ಅಂಕಿಗೂ ಹೊಂದುತ್ತದೆ.

ಎಲ್‌ಎಂ-ಸೆನ್ಸರ್ಸ್‌ನ ಸೆನ್ಸರ್ಸ್-ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ ಲೇಬಲ್ (ಹೆಸರಿಡಲು), ಕಂಪ್ಯೂಟ್ (ಲೆಕ್ಕಕ್ಕೆ), ಇಗ್ನೋರ್ (ಖಾಲಿ ಪಿನ್ ಮರೆಮಾಡಲು) ಸಾಲುಗಳನ್ನು ಬರೆದೆ. ಮೊದಲ ಸಲ ಎರರ್ ಬಂತು. ಕಂಪ್ಯೂಟ್ ಸಾಲಿಗೆ ಎರಡು ಸೂತ್ರ ಬೇಕು: ಓದುವಾಗ ಗುಣಿಸಲು ಒಂದು, ಮಿತಿಗಳನ್ನು ಚಿಪ್‌ಗೆ ಬರೆಯುವಾಗ ಭಾಗಿಸಲು ಇನ್ನೊಂದು. ನಾನು ಒಂದನ್ನೇ ಬರೆದಿದ್ದೆ.

ಈಗ 12 ವೋಲ್ಟ್ ಸಾಲು 12.096ಕ್ಕೂ 12.192ಕ್ಕೂ ನಡುವೆ ಹಾರುತ್ತಿದೆ. ಪವರ್ ಸಪ್ಲೈ ಹೋಯ್ತಾ ಅಂತ ಒಂದು ಕ್ಷಣ ಎದೆ ಧಸಕ್ಕೆಂದಿತು. ಅದೇನಲ್ಲ. ಎಡಿಸಿಯ ಒಂದು ಮೆಟ್ಟಿಲು 8 ಮಿಲಿವೋಲ್ಟ್, ಹನ್ನೆರಡು ಪಟ್ಟು ಮಾಡಿದರೆ 96. ಮೀಟರ್ ತೋರಿಸಿದ 12.14 ಸರಿಯಾಗಿ ಆ ಎರಡು ಮೆಟ್ಟಿಲ ನಡುವೆ ಕೂತಿದೆ. ಪಿಸಿ ಪವರ್ ಸಪ್ಲೈಗಳ ಎಟಿಎಕ್ಸ್ ಮಾನದಂಡದ ಪ್ರಕಾರ 11.4ರಿಂದ 12.6ರವರೆಗೆ ಇದ್ದರೆ ಸಾಕು, ಅಲ್ವಾ.

ಭಾನುವಾರ ರಾತ್ರಿ

ಫ್ಯಾನ್ ವೇಗದ ಸೆಟ್ಟಿಂಗ್ ಮಾಡಿಕೊಡುವ ಪಿಡಬ್ಲ್ಯೂಎಂ-ಕಾನ್ಫಿಗ್ ಒಂದೊಂದೇ ಫ್ಯಾನ್ ನಿಲ್ಲಿಸಿ ಯಾವುದು ಯಾವುದೆಂದು ಗುರುತಿಸಿತು. ಹುಯ್ಯೆನ್ನುತ್ತಿದ್ದ ಕಳ್ಳನೂ ಸಿಕ್ಕ. ಹಿಂದಿನ ಫ್ಯಾನನ್ನು ಬಯಾಸ್ ಸಿಪಿಯು ತಾಪಕ್ಕೆ ಕಟ್ಟಿತ್ತು. ರೈಜೆನ್ ತಾಪ ಒಂದು ಟ್ಯಾಬ್ ತೆರೆದರೂ ಹತ್ತು ಡಿಗ್ರಿ ಚಂಗನೆ ಏರಿ ಇಳಿಯುತ್ತದೆ, ಫ್ಯಾನೂ ಅದರ ಹಿಂದೆಯೇ ಓಡುತ್ತಿತ್ತು. ಅದನ್ನು ಬೋರ್ಡ್ ತಾಪಕ್ಕೆ ಕಟ್ಟಿದೆ. ಸಿಪಿಯು ಫ್ಯಾನ್‌ಗೆ ಹಲವು ಓದುಗಳ ಸರಾಸರಿ ನೋಡಲು ಹೇಳಿದೆ. ನಿಶ್ಶಬ್ದ.

ಸೋಮವಾರ

ಆಫೀಸಿಗೆ ಹೊರಡುವ ಮೊದಲು ಆನ್ ಮಾಡಿದರೆ, ಆ ಸೆಟ್ಟಿಂಗ್ ಓದಿ ಫ್ಯಾನ್ ಓಡಿಸುವ ಫ್ಯಾನ್‌ಕಂಟ್ರೋಲ್ ಏಳಲಿಲ್ಲ. ಕಾನ್ಫಿಗ್ ಹಳೆಯದಾಗಿದೆ ಅಂತ ಅದರ ದೂರು. ರಾತ್ರಿ ಕರ್ನಲ್ ಲೆಕ್ಕದಲ್ಲಿ ಹೆಚ್‌ಡಬ್ಲ್ಯೂಮಾನ್3 ಆಗಿದ್ದ ಚಿಪ್ ಬೆಳಿಗ್ಗೆ ಹೆಚ್‌ಡಬ್ಲ್ಯೂಮಾನ್2 ಆಗಿದೆ. ಡ್ರೈವರ್‌ಗಳು ಎದ್ದ ಸರದಿಯಲ್ಲಿ ನಂಬರ್ ಸಿಗುತ್ತದೆ, ಸರದಿ ದಿನಾ ಒಂದೇ ಇರುವುದಿಲ್ಲ. ಕೆ10ಟೆಂಪ್ (ಸಿಪಿಯು ತಾಪದ ಡ್ರೈವರ್), ಎನ್‌ಸಿಟಿ6775 ಎರಡನ್ನೂ ಬೂಟ್ ಶುರುವಿನಲ್ಲೇ ಲೋಡ್ ಆಗುವಂತೆ ಹಾಕಿ, ಪಿಡಬ್ಲ್ಯೂಎಂ-ಕಾನ್ಫಿಗ್ ಮತ್ತೊಮ್ಮೆ ಓಡಿಸಿದೆ. ಮೂರು ರೀಬೂಟ್ ಆದರೂ ನಂಬರ್ ಕದಲಿಲ್ಲ.

ಇನ್6 ಸಾಲು ಯಾವ ತಂತಿಯದೋ ಇನ್ನೂ ಪತ್ತೆಯಾಗಿಲ್ಲ. ಸದ್ಯಕ್ಕೆ ಲೇಬಲ್ 'ಯಾರೋ' ಅಂತ ಇಟ್ಟಿದ್ದೇನೆ.